ವಂಶದ ಪಾಠಾಂತರಗಳು: ವಂಶವಾಹಿಯ ಭೇದದಿಂದ ಹುಟ್ಟುಗುಣದವರೆಗೆ



ಹುಟ್ಟಿನಿಂದ ಬರುವ ಗುಣಗಳ ಬಗ್ಗೆ ಕನ್ನಡದಲ್ಲಿ ಎರಡು ಗಾದೆಗಳು ಸದಾ ಚಲಾವಣೆಯಲ್ಲಿವೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬುದು ಒಂದು. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಇನ್ನೊಂದು. ಮೊದಲನೆಯದು ಕಂಡದ್ದನ್ನು ಹೇಳುತ್ತದೆ. ಎರಡನೆಯದು ತೀರ್ಪು ಕೊಡುತ್ತದೆ. ಮಗಳು ತಾಯಿಯನ್ನು ಏಕೆ ಹೋಲುತ್ತಾಳೆ, ಎಷ್ಟರಮಟ್ಟಿಗೆ ಹೋಲುತ್ತಾಳೆ, ಯಾವುದರಲ್ಲಿ ಹೋಲುವುದಿಲ್ಲ ಎಂದು ವಿಚಾರಿಸುವುದಕ್ಕಾಗಿ ತಳಿವಿಜ್ಞಾನ ಹುಟ್ಟಿತು. ಲೋಕರೂಢಿಯಲ್ಲಿ ಮಾತ್ರ ಅದನ್ನು ಎರಡನೆಯ ಗಾದೆಗೆ ಸಾಕ್ಷಿಯಾಗಿ ನಿಲ್ಲಿಸುವುದೇ ಹೆಚ್ಚು. "ಅದು ಅವರ ಜೀನ್‌ನಲ್ಲೇ ಇದೆ" ಎಂಬ ಮಾತು "ಅವರ ರಕ್ತದಲ್ಲೇ ಬಂದಿದೆ" ಎಂಬ ಹಳೆಯ ಮಾತಿನ ಜಾಗದಲ್ಲಿ ಬಂದು ಕೂತಿದೆ. ಪದ ಹೊಸದು, ಧೋರಣೆ ಹಳೆಯದು.

ಈ ಉಪನ್ಯಾಸದಲ್ಲಿ ನಾನು ಪ್ರತಿಪಾದಿಸಬೇಕೆಂದಿರುವ ಮಾತು ಒಂದೇ. ವಂಶವಾಹಿಯ ಭೇದವೊಂದು ಲೆಕ್ಕ ಕೊಡುವುದು ಇಬ್ಬರ ನಡುವಿನ ವ್ಯತ್ಯಾಸಕ್ಕೆ. ಆ ಗುಣಕ್ಕೆ ಇಡಿಯಾಗಿ ಅಲ್ಲ. ಆ ಲೆಕ್ಕವೂ ಒಂದು ಗೊತ್ತಾದ ಸನ್ನಿವೇಶದೊಳಗೆ ಮಾತ್ರ ತಾಳೆಯಾಗುತ್ತದೆ. ಸನ್ನಿವೇಶ ಬದಲಾದರೆ ಅದೇ ಭೇದ ಬೇರೆ ಫಲ ಕೊಡಬಹುದು, ಫಲವನ್ನೇ ಕೊಡದಿರಬಹುದು. ಕೇಳಲು ಇದು ತರ್ಕದ ಸೂಕ್ಷ್ಮವೆನಿಸೀತು. ಆದರೆ ಮದುವೆ, ಔಷಧ, ಕುಲ, ಕಾಯಿಲೆಗಳ ವಿಷಯದಲ್ಲಿ ನಾವು ಮಾಡುವ ತೀರ್ಮಾನಗಳು ಸರಿಯೋ ತಪ್ಪೋ ಎಂಬುದು ಈ ಸೂಕ್ಷ್ಮವನ್ನೇ ಅವಲಂಬಿಸಿದೆ.

1. ಪ್ರತಿ, ಪಾಠ, ಪಾಠಾಂತರ

ನಮ್ಮ ದೇಹದ ಬಹುಪಾಲು ಜೀವಕೋಶಗಳಲ್ಲಿ 46 ವರ್ಣತಂತುಗಳಿವೆ. 23 ತಾಯಿಯಿಂದ ಬಂದವು, 23 ತಂದೆಯಿಂದ ಬಂದವು. ಅವುಗಳಲ್ಲಿರುವ ಡಿಎನ್‌ಎ ಎಂಬುದು ನಾಲ್ಕೇ ಅಕ್ಷರಗಳ ಬರಹ. ಆ ಅಕ್ಷರಗಳನ್ನು ಎ, ಟಿ, ಜಿ, ಸಿ ಎಂದು ಗುರುತಿಸುವುದು ವಾಡಿಕೆ. ಒಬ್ಬರಿಂದ ಬಂದ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನ್ ಕಟ್ಟುವ ಸೂಚನೆ ಹೊತ್ತ ವಂಶವಾಹಿಗಳು ಅದರಲ್ಲಿ ಸುಮಾರು 20,000. ಆ ಸೂಚನೆಯ ಅಕ್ಷರಗಳನ್ನಷ್ಟೇ ಒಟ್ಟುಗೂಡಿಸಿದರೆ ಇಡೀ ಬರಹದ ನೂರರಲ್ಲಿ ಎರಡು ಪಾಲೂ ಆಗುವುದಿಲ್ಲ. ಉಳಿದ ಭಾಗದಲ್ಲಿ ಯಾವ ವಂಶವಾಹಿ ಯಾವ ಅಂಗದಲ್ಲಿ, ಯಾವ ವಯಸ್ಸಿನಲ್ಲಿ, ಎಷ್ಟು ಕೆಲಸ ಮಾಡಬೇಕೆಂದು ಗೊತ್ತುಮಾಡುವ ಸ್ವಿಚ್ಚುಗಳು ಹರಡಿಕೊಂಡಿವೆ.

ಈ ಬರಹ ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತ ಬಂದಿದೆ. ಓಲೆಗರಿ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಕಾವ್ಯ ಸಂಪಾದಿಸಿದವರಿಗೆ ನಕಲು ಎಂದರೇನೆಂದು ಹೇಳಬೇಕಾಗಿಲ್ಲ. ಲಿಪಿಕಾರ ಒಂದು ಕಡೆ ಅಕ್ಷರ ಬಿಟ್ಟಿರುತ್ತಾನೆ, ಇನ್ನೊಂದು ಕಡೆ ಸಾಲನ್ನೇ ಎರಡು ಸಲ ಬರೆದಿರುತ್ತಾನೆ, ಮತ್ತೊಂದು ಕಡೆ ಒಂದಕ್ಷರದ ಬದಲು ಇನ್ನೊಂದನ್ನು ಇಟ್ಟಿರುತ್ತಾನೆ. ಆ ಪ್ರತಿಯನ್ನು ನೋಡಿ ಬರೆದವನು ಅವೆಲ್ಲವನ್ನೂ ಉಳಿಸಿಕೊಂಡು ತನ್ನದೊಂದನ್ನು ಸೇರಿಸುತ್ತಾನೆ. ಹೀಗೆ ಹುಟ್ಟುವುದು ಪಾಠಾಂತರ. ವಂಶವಾಹಿಯ ಭೇದ ಎಂದು ನಾನು ಕರೆಯುತ್ತಿರುವುದೂ ಪಾಠಾಂತರವನ್ನೇ. ವಿಜ್ಞಾನಿಗಳು ಹೋಲಿಕೆಗೆಂದು ಇಟ್ಟುಕೊಂಡಿರುವ ಆಧಾರಪ್ರತಿಯ ಜೊತೆ ನಮ್ಮಲ್ಲಿ ಯಾರೊಬ್ಬರ ಬರಹವನ್ನು ಹೋಲಿಸಿದರೂ 40ರಿಂದ 50 ಲಕ್ಷ ಕಡೆ ಭೇದ ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಅರ್ಥವನ್ನು ಕೆಡಿಸುವುದಿಲ್ಲ, ತಿದ್ದುವುದೂ ಇಲ್ಲ. ಆಧಾರಪ್ರತಿ ಎಂಬುದೂ ಮೂಲಪ್ರತಿಯಲ್ಲ, ಶುದ್ಧಪ್ರತಿಯೂ ಅಲ್ಲ. ಹೋಲಿಸಲು ಅನುಕೂಲವಾದ ಒಂದು ಪ್ರತಿ, ಅಷ್ಟೇ.

ಡೆನ್ಮಾರ್ಕಿನ ವಿಲ್ಹೆಲ್ಮ್ ಯೋಹಾನ್ಸೆನ್ 1909ರಲ್ಲಿ 'ಜೀನ್' ಎಂಬ ಪದವನ್ನು ಬಳಕೆಗೆ ತಂದಾಗ ಅದರ ಜೊತೆಗೇ 'ಜೀನೋಟೈಪ್', 'ಫೀನೋಟೈಪ್' ಎಂಬ ಜೋಡಿಪದಗಳನ್ನೂ ಮುಂದಿಟ್ಟರು. ಒಳಗಿರುವ ಬರಹ ಒಂದು, ಹೊರಗೆ ಕಾಣುವ ರೂಪ ಇನ್ನೊಂದು. ಅವೆರಡರ ನಡುವೆ ಗೆರೆ ಎಳೆದದ್ದೇ ಈ ಶಾಸ್ತ್ರದ ದೊಡ್ಡ ಹೆಜ್ಜೆ. ನಾವು ದಿನನಿತ್ಯದ ಮಾತಿನಲ್ಲಿ ಅಳಿಸಿಹಾಕುವುದೂ ಆ ಗೆರೆಯನ್ನೇ.

2. ಸುಕ್ಕುಬಟಾಣಿಯ ಒಳಗೆ

ಶಾಲೆಯಲ್ಲಿ ಎಲ್ಲರೂ ಓದಿದ ಉದಾಹರಣೆಯಿಂದಲೇ ಹೊರಡೋಣ. ಶಾಲೆಯ ಪುಸ್ತಕ ನಿಲ್ಲಿಸಿದ ಕಡೆ ನಾವು ನಿಲ್ಲುವುದು ಬೇಡ. ಗ್ರೆಗರ್ ಮೆಂಡೆಲ್ 1865ರಲ್ಲಿ ಬ್ರುನೋ ನಗರದ ವಿಜ್ಞಾನ ಸಂಘದಲ್ಲಿ ತನ್ನ ಬಟಾಣಿ ಪ್ರಯೋಗಗಳನ್ನು ಓದಿದ. ಮರುವರ್ಷ ಅವು ಅಚ್ಚಾದವು. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ತಲೆಮಾರಿನ ಕಾಳುಗಳೆಲ್ಲ ದುಂಡು. ಎರಡನೆಯ ತಲೆಮಾರಿನಲ್ಲಿ 5,474 ದುಂಡು, 1,850 ಸುಕ್ಕು. ಹತ್ತಿರ ಹತ್ತಿರ ಮೂರಕ್ಕೆ ಒಂದು. ಕಾಣದೆ ಹೋದ ಗುಣ ನಾಶವಾಗಿರಲಿಲ್ಲ, ಅಡಗಿತ್ತು ಎಂದು ಮೆಂಡೆಲ್ ತರ್ಕಿಸಿದ.

ಕಾಳು ಸುಕ್ಕಾಗುವುದೇಕೆ? ಇದಕ್ಕೆ ಉತ್ತರ ಸಿಕ್ಕಿದ್ದು 1990ರಲ್ಲಿ, ಇಂಗ್ಲೆಂಡಿನ ನಾರ್ವಿಚ್‌ನ ಸಂಶೋಧಕರಿಂದ. ಬಟಾಣಿಯಲ್ಲಿ ಪಿಷ್ಟದ ಸರಪಣಿಗೆ ಕವಲು ಮೂಡಿಸುವ ಒಂದು ಕಿಣ್ವವಿದೆ. ಸುಕ್ಕು ತಳಿಯಲ್ಲಿ ಆ ಕಿಣ್ವದ ವಂಶವಾಹಿಯ ನಡುವೆ ಸುಮಾರು 800 ಅಕ್ಷರಗಳ ಹೊರಗಿನ ತುಣುಕೊಂದು ಬಂದು ಸೇರಿಕೊಂಡಿದೆ, ಪದ್ಯದ ನಡುವೆ ಪ್ರಕ್ಷಿಪ್ತ ಸಾಲುಗಳು ಸೇರಿಕೊಂಡ ಹಾಗೆ. ಕಿಣ್ವ ಸರಿಯಾಗಿ ಆಗುವುದಿಲ್ಲ. ಕಿಣ್ವವಿಲ್ಲದೆ ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿದುಬಿಡುತ್ತದೆ. ಸಕ್ಕರೆ ನೀರನ್ನು ಎಳೆದುಕೊಳ್ಳುವುದರಿಂದ ಬೆಳೆಯುವಾಗ ಕಾಳು ಉಬ್ಬುತ್ತದೆ, ಸಿಪ್ಪೆ ಹಿಗ್ಗುತ್ತದೆ. ಒಣಗಿದಾಗ ನೀರು ಆರಿ ತಿರುಳು ಕುಗ್ಗುತ್ತದೆ. ಹಿಗ್ಗಿದ ಸಿಪ್ಪೆ ಅದರ ಮೇಲೆ ಮಡಿಕೆ ಬೀಳುತ್ತದೆ.

ಹೀಗೆ ನೋಡಿದರೆ ಆ ಪಾಠಾಂತರದಲ್ಲಿ ಸುಕ್ಕು ಎಂಬ ಮಾತೇ ಬರೆದಿಲ್ಲ. ಅಲ್ಲಿರುವುದು ಕೆಟ್ಟುಹೋದ ಒಂದು ಕಿಣ್ವದ ಸೂಚನೆ. ಪಿಷ್ಟ, ಸಕ್ಕರೆ, ನೀರು, ಬಿಸಿಲು ಇವೆಲ್ಲ ಸೇರಿ ಸುಕ್ಕನ್ನು ಮಾಡುತ್ತವೆ. ಹಸಿ ಕಾಳನ್ನು ಬಿಡಿಸಿ ಬಾಯಿಗೆ ಹಾಕಿಕೊಂಡವರಿಗೆ ಅದೇ ಭೇದ ಸಿಹಿಯಾಗಿ ತಿಳಿಯುತ್ತದೆ. ಒಣಗಿಸಿ ಕಣದಲ್ಲಿ ನೋಡಿದವನಿಗೆ ಅದು ಆಕಾರದ ಭೇದ, ತಿಂದವನಿಗೆ ರುಚಿಯ ಭೇದ.

ಇನ್ನೂ ಒಂದು ವಿಷಯವಿದೆ. ಒಂದು ಸರಿ ಪ್ರತಿ, ಒಂದು ಕೆಟ್ಟ ಪ್ರತಿ ಇರುವ ಮಿಶ್ರ ಕಾಳು ಕಣ್ಣಿಗೆ ಪೂರಾ ದುಂಡಾಗಿರುತ್ತದೆ. ಆದ್ದರಿಂದ ದುಂಡು ಗುಣ 'ಪ್ರಬಲ' ಎಂದು ಓದಿದ್ದೇವೆ. ಅದೇ ಕಾಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ಪಿಷ್ಟದ ಕಣಗಳನ್ನು ನೋಡಿದರೆ ಅವು ಎರಡೂ ತಳಿಗಳ ನಡುವಿನ ರೂಪದಲ್ಲಿರುತ್ತವೆ. ಅಂದರೆ ಪ್ರಬಲ, ದುರ್ಬಲ ಎಂಬವು ವಂಶವಾಹಿಯ ಸ್ವಂತ ಬಲಾಬಲಗಳಲ್ಲ. ನಾವು ಯಾವ ಮಟ್ಟದಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ಅವು ನಿಂತಿವೆ.

3. ಒಂದೇ ಅಕ್ಷರದ ಕಥನ

ಮನುಷ್ಯರ ವಿಷಯಕ್ಕೆ ಬರೋಣ. ಒಂದಕ್ಷರದ ಭೇದ ಏನೆಲ್ಲ ಮಾಡಬಲ್ಲದು, ಏನನ್ನು ತಾನೊಂದೇ ಮಾಡಲಾರದು ಎಂಬುದಕ್ಕೆ ಸಿಕಲ್ ಸೆಲ್ ಕಾಯಿಲೆಗಿಂತ ಚೆನ್ನಾಗಿ ತಿಳಿದ ಉದಾಹರಣೆಯಿಲ್ಲ. 1910ರಲ್ಲಿ ಶಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಒಬ್ಬ ರೋಗಿಯ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕೆಂಪುಕಣಗಳನ್ನು ವರ್ಣಿಸಿದರು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ದೋಷ ಹಿಮೋಗ್ಲೋಬಿನ್ ಅಣುವಿನಲ್ಲೇ ಇದೆಯೆಂದು ತೋರಿಸಿದರು. ಕೆಲವೇ ವರ್ಷಗಳಲ್ಲಿ ವರ್ನನ್ ಇಂಗ್ರಾಮ್ ಅದನ್ನು ಇನ್ನೂ ಹತ್ತಿರದಿಂದ ಗುರುತಿಸಿದರು: ಹಿಮೋಗ್ಲೋಬಿನ್‌ನ ಬೀಟಾ ಸರಪಣಿಯ 146 ಅಮೈನೊ ಆಮ್ಲಗಳಲ್ಲಿ ಆರನೆಯದು ಮಾತ್ರ ಬೇರೆ. ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲೀನ್ ಇದೆ. ವಂಶವಾಹಿಯಲ್ಲಿ ಇದು ಜಿಎಜಿ ಎಂಬ ಮೂರಕ್ಷರ ಜಿಟಿಜಿ ಆದದ್ದರ ಫಲ. ನಡುವಿನ ಒಂದಕ್ಷರದ ಪಲ್ಲಟ.

ಗ್ಲುಟಾಮಿಕ್ ಆಮ್ಲಕ್ಕೆ ನೀರಿನ ಸಹವಾಸ ಇಷ್ಟ; ವ್ಯಾಲೀನ್‌ಗೆ ಜಿಡ್ಡಿನ ಸ್ವಭಾವ. ಹಿಮೋಗ್ಲೋಬಿನ್ ತನ್ನ ಆಮ್ಲಜನಕವನ್ನು ಅಂಗಾಂಗಗಳಿಗೆ ಬಿಟ್ಟುಕೊಟ್ಟಾಗ ಈ ಜಿಡ್ಡುಭಾಗ ಪಕ್ಕದ ಅಣುವಿನ ತಗ್ಗಿಗೆ ಅಂಟಿಕೊಳ್ಳುತ್ತದೆ. ಅಣುವಿಗೆ ಅಣು ಅಂಟಿ ಉದ್ದನೆಯ ಎಳೆಗಳಾಗುತ್ತವೆ. ಎಳೆಗಳು ಕಣವನ್ನು ಬಾಗಿಸುತ್ತವೆ. ಬಾಗಿ ಬಿರುಸಾದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ರಕ್ತ ನಿಲ್ಲುತ್ತದೆ, ಅಸಹನೀಯ ನೋವು ಬರುತ್ತದೆ. ಸುಮಾರು 120 ದಿನ ಬಾಳಬೇಕಾದ ಕೆಂಪುಕಣ 10ರಿಂದ 20 ದಿನಕ್ಕೇ ಒಡೆದುಹೋಗಿ ರಕ್ತಹೀನತೆ ಉಂಟಾಗುತ್ತದೆ.

ಇದು ಎರಡೂ ಪ್ರತಿಗಳಲ್ಲಿ ಆ ಅಕ್ಷರ ಪಲ್ಲಟಗೊಂಡವರ ಸ್ಥಿತಿ. ಒಂದು ಪ್ರತಿಯಲ್ಲಿ ಮಾತ್ರ ಇದ್ದರೆ ಅವರು ವಾಹಕರು. ಸಾಮಾನ್ಯ ಜೀವನದಲ್ಲಿ ಆರೋಗ್ಯವಂತರು. ಬಟಾಣಿಯಲ್ಲಿ ಕಂಡದ್ದೇ ಇಲ್ಲೂ ಕಾಣುತ್ತದೆ. ದೇಹದ ಮಟ್ಟದಲ್ಲಿ ವಾಹಕರಿಗೆ ಕಾಯಿಲೆಯಿಲ್ಲ. ಅಣುವಿನ ಮಟ್ಟದಲ್ಲಿ ಎರಡು ಬಗೆಯ ಹಿಮೋಗ್ಲೋಬಿನ್ ಅಕ್ಕಪಕ್ಕದಲ್ಲಿದೆ. ಮಲೇರಿಯಾ ಇರುವ ಊರಿನಲ್ಲಿ ಮೂರನೆಯ ಮಾತೂ ಸೇರುತ್ತದೆ. 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದ ಅಧ್ಯಯನಗಳಿಂದ ತೋರಿಸಿದಂತೆ ವಾಹಕರಿಗೆ ಮಾರಕ ಮಲೇರಿಯಾದಿಂದ ರಕ್ಷಣೆ ಹೆಚ್ಚು. ಅದೇ ಅಕ್ಷರ ಸೊಳ್ಳೆಯಿರುವ ಕಾಡಂಚಿನಲ್ಲಿ ಕವಚ. ಮಲೇರಿಯಾ ಇಲ್ಲದ ಊರಿನಲ್ಲಿ ಬರಿಯ ಹೊರೆ. ದಕ್ಷಿಣ ಭಾರತದಲ್ಲಿ ಈ ಭೇದವಿದೆಯೆಂದು 1952ರಲ್ಲಿ ಮೊದಲು ವರದಿಯಾದದ್ದು ನೀಲಗಿರಿಯ ಗುಡ್ಡಗಾಡು ಜನರ ನಡುವಿನಿಂದ. ನಮ್ಮ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಬುಡಕಟ್ಟುಗಳಲ್ಲೂ ಅದು ಇದೆ. ಆ ಜನರ ರಕ್ತ ಕೆಟ್ಟಿದ್ದರಿಂದ ಹೀಗಾಯಿತೆನ್ನುವುದು ಅವಿವೇಕ. ಮಲೇರಿಯಾದ ನಡುವೆ ತಲತಲಾಂತರದಿಂದ ಬದುಕಿ ಉಳಿದದ್ದರ ಗುರುತು ಅದು.

ಎರಡೂ ಪ್ರತಿಗಳಲ್ಲಿ ಆ ಅಕ್ಷರವಿರುವ ಎಲ್ಲರ ಕಾಯಿಲೆಯೂ ಒಂದೇ ತೀವ್ರತೆಯದ್ದಲ್ಲ. ಗರ್ಭದಲ್ಲಿರುವಾಗ ಮಗು ಬೇರೊಂದು ಬಗೆಯ ಹಿಮೋಗ್ಲೋಬಿನ್ ಬಳಸುತ್ತದೆ. ಅದರಲ್ಲಿ ಬೀಟಾ ಸರಪಣಿಯೇ ಇಲ್ಲ. ಹೀಗಾಗಿ ಹುಟ್ಟಿದ ಮೊದಲ ತಿಂಗಳುಗಳಲ್ಲಿ ಕಾಯಿಲೆ ಕಾಣಿಸಿಕೊಳ್ಳುವುದಿಲ್ಲ. ಅಕ್ಷರ ಇದ್ದರೂ ಅದರ ಮಾತು ಕೇಳಿಸುವುದಿಲ್ಲ. ಕೆಲವರಲ್ಲಿ ಈ ಭ್ರೂಣ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ತಕ್ಕಮಟ್ಟಿಗೆ ಉಳಿಯುತ್ತದೆ. ಅಂಥವರಿಗೆ ನೋವು ಕಡಿಮೆ. ಭಾರತದಲ್ಲಿ ಮತ್ತು ಅರಬ್ ನಾಡುಗಳಲ್ಲಿ ಕಾಣುವ ಸಿಕಲ್ ಸೆಲ್ ವಂಶಾವಳಿಯಲ್ಲಿ ಸರಾಸರಿ ಅದು ಹೆಚ್ಚು. ಎಷ್ಟು ಉಳಿಯಬೇಕೆಂದು ಗೊತ್ತುಮಾಡುವ ವಂಶವಾಹಿಗಳಲ್ಲಿ ಬಿಸಿಎಲ್11ಎ ಎಂಬುದು ಒಂದು. 2023ರ ಕೊನೆಯಲ್ಲಿ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಅನುಮತಿ ಪಡೆದ ಕ್ರಿಸ್ಪರ್ ಎಂಬ ಡಿಎನ್‌ಎ ತಿದ್ದುಪಡಿ ಚಿಕಿತ್ಸೆ ತಿದ್ದುವುದು ಆ ವಂಶವಾಹಿಯ ಸ್ವಿಚ್ಚನ್ನು. ಕುಡುಗೋಲು ಮಾಡಿದ ಅಕ್ಷರವನ್ನು ಅದು ಮುಟ್ಟುವುದೇ ಇಲ್ಲ. ಅಕ್ಷರ ಇದ್ದಲ್ಲೇ ಇದ್ದು ಫಲ ಬದಲಾಗಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಡ.

4. ಸ್ವಿಚ್ಚಿನ ಭೇದ, ಹೆಪ್ಪಿನ ಉಪಾಯ

ಪಾಠಾಂತರ ಪ್ರೋಟೀನನ್ನು ಬದಲಿಸದೆ ಅದರ ಕಾಲವನ್ನು ಮಾತ್ರ ಬದಲಿಸುವುದೂ ಉಂಟು. ಹಾಲಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಎಳೆಮಕ್ಕಳೆಲ್ಲರಲ್ಲೂ ಇರುತ್ತದೆ. ಮೊಲೆ ಬಿಟ್ಟ ಮೇಲೆ ಲೋಕದ ಮೂರರಲ್ಲಿ ಎರಡು ಪಾಲು ಜನರಲ್ಲಿ ಅದು ಇಳಿಯುತ್ತ ಹೋಗುತ್ತದೆ. ಉಳಿದವರಲ್ಲಿ ಇಳಿಯುವುದಿಲ್ಲ. ಇದರ ಕಾರಣ 2002ರಲ್ಲಿ ಫಿನ್ಲೆಂಡಿನ ಕುಟುಂಬಗಳ ಅಧ್ಯಯನದಿಂದ ತಿಳಿಯಿತು: ಲ್ಯಾಕ್ಟೇಸ್ ವಂಶವಾಹಿಯ ಆರಂಭಕ್ಕಿಂತ 13,910 ಅಕ್ಷರ ಹಿಂದೆ, ಪಕ್ಕದ ಇನ್ನೊಂದು ವಂಶವಾಹಿಯ ಒಳಗೆ, ಸಿ ಇದ್ದಲ್ಲಿ ಟಿ ಬಂದಿದೆ. ಕಿಣ್ವ ಅದೇ, ಆರಿಹೋಗಬೇಕಾದ ದೀಪ ಉರಿಯುತ್ತಲೇ ಇದೆ. ಪೂರ್ವ ಆಫ್ರಿಕಾದ ಪಶುಪಾಲಕರಲ್ಲಿ ಇದೇ ಕೆಲಸವನ್ನು ಅದೇ ನೆರೆಹೊರೆಯ ಬೇರೆ ಅಕ್ಷರಗಳು ಮಾಡುತ್ತವೆ. ಫಲ ಒಂದಾದ ಮಾತ್ರಕ್ಕೆ ಭೇದವೂ ಒಂದೇ ಆಗಿರಬೇಕಿಲ್ಲ.

ಭಾರತದಲ್ಲಿ ಯುರೋಪಿನದೇ ಭೇದವಿದೆ. ವಾಯವ್ಯದಲ್ಲಿ ಹೆಚ್ಚು; ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ; ಪಶುಪಾಲನೆಯೇ ಕಸುಬಾದ ಸಮುದಾಯಗಳಲ್ಲಿ ಮತ್ತೆ ಹೆಚ್ಚು. ಹಾಗಾದರೆ ಹಾಲು ಒಗ್ಗದ ದಕ್ಷಿಣದವರು ಹೈನನ್ನು ಬಿಟ್ಟರೇ? ಇಲ್ಲ. ಹಾಲಿಗೆ ಹೆಪ್ಪು ಹಾಕಿದರು. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಭಾಗವನ್ನು ಮೊದಲೇ ಹುಳಿಯಾಗಿಸಿಬಿಡುತ್ತವೆ. ಉಳಿದದ್ದನ್ನು ಒಡೆಯಲೂ ಅವು ನೆರವಾಗುತ್ತವೆ. ಊಟದ ಕೊನೆಗೆ ಮಜ್ಜಿಗೆ ಬಡಿಸುವ ನಾಡಿನಲ್ಲಿ ಒಂದಕ್ಷರದ ಕೊರತೆ ಬಹುಪಾಲು ಯಾರಿಗೂ ಗೊತ್ತಾಗದೆ ಉಳಿಯಿತು. ಹಾಲು ಕುಡಿದಾಗ ಗುಡುಗುಡು ಎನ್ನುವ ಹೊಟ್ಟೆ ಮಜ್ಜಿಗೆಗೆ ಸುಮ್ಮನಿರುತ್ತದೆ. ಎರಡೂ ಸಲ ಒಳಗಿನ ಬರಹ ಒಂದೇ.

5. ಹನ್ನೆರಡು ಸಾವಿರ ಸಣ್ಣ ಪಾಲುಗಳು

ಇಲ್ಲಿಯವರೆಗೆ ನೋಡಿದ್ದು ಒಂದೊಂದೇ ಭೇದ ಎದ್ದುಕಾಣುವ ಫಲ ಕೊಡುವ ಸಂಗತಿಗಳು. ನಾವು ಮನೆಯಲ್ಲಿ ಮಾತಾಡಿಕೊಳ್ಳುವ ಎತ್ತರ, ಮೈಬಣ್ಣ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವು ಆ ಬಗೆಯವಲ್ಲ. 2022ರಲ್ಲಿ ಪ್ರಕಟವಾದ ಒಂದು ಮಹಾ ಅಧ್ಯಯನ ಸುಮಾರು 54 ಲಕ್ಷ ಜನರ ಮಾಹಿತಿಯಿಂದ ಎತ್ತರಕ್ಕೆ ಸಂಬಂಧಪಟ್ಟ 12,111 ಭೇದಗಳನ್ನು ಗುರುತಿಸಿತು. ಅವುಗಳಲ್ಲಿ ಒಂದೊಂದರ ಪಾಲೂ ಅತಿ ಸಣ್ಣದು. ಎಲ್ಲವನ್ನೂ ಕೂಡಿಸಿದರೆ ಯುರೋಪ್ ಮೂಲದವರ ನಡುವಿನ ಎತ್ತರದ ವ್ಯತ್ಯಾಸದಲ್ಲಿ ಸುಮಾರು 40 ಪ್ರತಿಶತಕ್ಕೆ ಲೆಕ್ಕ ಸಿಗುತ್ತದೆ. ಬೇರೆ ಮೂಲದವರಲ್ಲಿ ಅದೇ ಪಟ್ಟಿ 10ರಿಂದ 20 ಪ್ರತಿಶತಕ್ಕಷ್ಟೇ ಲೆಕ್ಕ ಕೊಟ್ಟಿತು. ಒಂದು ಜನಸಮೂಹದಲ್ಲಿ ತಯಾರಾದ ಪಟ್ಟಿಯನ್ನು ಇನ್ನೊಂದರ ಮೇಲೆ ಇಟ್ಟರೆ ಅಳತೆ ತಪ್ಪುತ್ತದೆ. ಹೊರದೇಶದ ಪಟ್ಟಿ ಹಿಡಿದು ನಮ್ಮವರ ಭವಿಷ್ಯ ಹೇಳುವ ಪರೀಕ್ಷೆಗಳಿಗೆ ದುಡ್ಡು ಕೊಡುವ ಮುನ್ನ ಇದು ನೆನಪಿನಲ್ಲಿರಲಿ.

ಎತ್ತರದ ವ್ಯತ್ಯಾಸದಲ್ಲಿ 80 ಪ್ರತಿಶತದಷ್ಟು ಆನುವಂಶಿಕ ಎಂಬ ಮಾತನ್ನು ನೀವು ಕೇಳಿರಬಹುದು. ಒಳ್ಳೆಯ ಪೋಷಣೆಯಿರುವ ಸಮಾಜಗಳಲ್ಲಿ ಅದು ನಿಜಕ್ಕೆ ಹತ್ತಿರ. ಹಾಗಿದ್ದೂ ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ಒಂದು ನೂರು ವರ್ಷಗಳಲ್ಲಿ ಸುಮಾರು 20 ಸೆಂಟಿಮೀಟರ್ ಏರಿತು. ಅಷ್ಟು ಕಡಿಮೆ ಕಾಲದಲ್ಲಿ ವಂಶವಾಹಿಗಳು ಬದಲಾಗಲಿಲ್ಲ. ಬದಲಾದದ್ದು ಊಟ, ನೀರು, ಆರೋಗ್ಯ. ಎರಡೂ ಮಾತು ಹೇಗೆ ಒಟ್ಟಿಗೆ ನಿಜವಾಗುತ್ತವೆ?

ರಾಗಿ ಹೊಲಕ್ಕೆ ಹೋದರೆ ತಿಳಿಯುತ್ತದೆ. ಹತ್ತಾರು ತಳಿಗಳು ಬೆರೆತ ಒಂದು ಚೀಲ ಬಿತ್ತನೆ ರಾಗಿಯನ್ನು ಚೆನ್ನಾಗಿ ಕಲೆಸಿ ಎರಡು ಪಾಲು ಮಾಡಿ. ಒಂದನ್ನು ಕೆರೆಗೋಡು ಹಾಕಿದ ಹೊಲದಲ್ಲಿ, ಇನ್ನೊಂದನ್ನು ಕಲ್ಲುಮಿಶ್ರಿತ ಬರಡು ನೆಲದಲ್ಲಿ ಬಿತ್ತಿ. ಮೊದಲ ಹೊಲದ ಪೈರುಗಳೊಳಗೆ ಎತ್ತರ ಗಿಡ್ಡದ ವ್ಯತ್ಯಾಸ ಕಾಣುತ್ತದೆ. ಮಣ್ಣು ಎಲ್ಲಕ್ಕೂ ಒಂದೇ ಆದ್ದರಿಂದ ಆ ವ್ಯತ್ಯಾಸಕ್ಕೆ ಬೀಜವೇ ಕಾರಣ. ಎರಡನೆಯ ಹೊಲದೊಳಗೂ ಹಾಗೆಯೇ. ಆದರೆ ಒಂದು ಹೊಲ ಸೊಂಟದೆತ್ತರ, ಇನ್ನೊಂದು ಮೊಣಕಾಲೆತ್ತರ ನಿಂತಿದ್ದರೆ ಆ ಅಂತರಕ್ಕೆ ಬೀಜ ಕಾರಣವೇ ಅಲ್ಲ. ಬೀಜ ಒಂದೇ ಚೀಲದ್ದು. ಹೊಲದೊಳಗಿನ ಭೇದಕ್ಕೆ ಬೀಜ, ಹೊಲಗಳ ನಡುವಿನ ಭೇದಕ್ಕೆ ನೆಲ. ಒಂದು ಜಾತಿ ಇನ್ನೊಂದಕ್ಕಿಂತ ಹುಟ್ಟಿನಿಂದಲೇ ಮೇಲು ಎಂದು ಸಾಧಿಸಲು ಹೊರಡುವವರು ಮಾಡುವ ತಪ್ಪು ಇದೇ: ಹೊಲದೊಳಗಿನ ಲೆಕ್ಕವನ್ನು ತಂದು ಹೊಲಗಳ ನಡುವೆ ಹಾಕುತ್ತಾರೆ.

ರಾಗಿಯ ಮಾತು ಬಂದಾಗ ಮಂಡ್ಯದ ವಿ.ಸಿ. ಫಾರಂನ ತಳಿಸಂಶೋಧಕ ಲಕ್ಷ್ಮಣಯ್ಯನವರನ್ನು ನೆನೆಯಬೇಕು. ರಾಗಿಯ ಹೂವು ಬಲು ಚಿಕ್ಕದು. ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಅಂಥ ಪೈರಿನಲ್ಲಿ ಅವರು ಇಂಡಿಯಾದ ತಳಿಗೂ ಆಫ್ರಿಕಾದ ತಳಿಗೂ ಸಂಕರ ಮಾಡಿ 'ಇಂಡಾಫ್' ಸಾಲಿನ ತಳಿಗಳನ್ನು ಕೊಟ್ಟರು. ಎರಡು ಖಂಡಗಳಲ್ಲಿ ಬೇರೆಬೇರೆಯಾಗಿ ಕೂಡಿಕೊಂಡಿದ್ದ ಪಾಠಾಂತರಗಳು ಒಂದೇ ತೆನೆಯಲ್ಲಿ ಸೇರಿದವು, ಇಳುವರಿ ಏರಿತು. ಬೆರಕೆಯಿಂದ ಕುಲ ಕೆಡುತ್ತದೆ ಎನ್ನುವ ಮಾತಿಗೆ ಹಳೇ ಮೈಸೂರಿನ ಹೊಲಗಳೇ ಉತ್ತರ ಹೇಳಿವೆ.

ಇನ್ನು ಗಾದೆಯ ಸೀರೆಗೆ ಬರೋಣ. ಮಗ್ಗದ ಮುಂದೆ ಕೂತವರನ್ನು ಈ ಸೀರೆಯಲ್ಲಿ ಹಾಸಿನ ಪಾಲೆಷ್ಟು, ಹೊಕ್ಕಿನ ಪಾಲೆಷ್ಟು ಎಂದು ಕೇಳಿದರೆ ನಕ್ಕಾರು. ಒಂದಿಲ್ಲದೆ ಇನ್ನೊಂದರಿಂದ ಬಟ್ಟೆಯೇ ಆಗುವುದಿಲ್ಲ. ಒಂದೇ ಹಾಸಿನ ಮೇಲೆ ನೇಯ್ದ ಎರಡು ಸೀರೆಗಳು ಬೇರೆಯಾಗಿದ್ದರೆ ಅದಕ್ಕೆ ಹೊಕ್ಕು ಕಾರಣ ಎನ್ನಬಹುದು. ವ್ಯತ್ಯಾಸಕ್ಕೆ ಕಾರಣ ಹೇಳಬಹುದು, ಇಡೀ ಸೀರೆಯನ್ನು ಪಾಲು ಹಂಚಲಾಗದು.

6. ಒಳಮದುವೆಯ ಊರುಗಳು

ಗ್ರಂಥಸಂಪಾದಕರು ಪ್ರತಿಗಳ ನಂಟನ್ನು ಪತ್ತೆಮಾಡುವುದು ಸಮಾನ ತಪ್ಪುಗಳಿಂದ. ಒಂದೇ ವಿಚಿತ್ರ ಸ್ಖಾಲಿತ್ಯ ಐದು ಪ್ರತಿಗಳಲ್ಲಿದ್ದರೆ ಆ ಐದೂ ಒಂದೇ ಮಾತೃಕೆಯಿಂದ ಇಳಿದವು. ಭಾರತದ ಜನಸಮುದಾಯಗಳಲ್ಲಿ ತಳಿವಿಜ್ಞಾನಿಗಳು ಕಂಡದ್ದೂ ಅದನ್ನೇ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 260ಕ್ಕೂ ಹೆಚ್ಚು ಸಮುದಾಯಗಳನ್ನು ನೋಡಿ, ಅವುಗಳಲ್ಲಿ 81ರಲ್ಲಿ ಫಿನ್ಲೆಂಡಿನವರಿಗಿಂತಲೂ ಬಲವಾಗಿ 'ಕೆಲವೇ ಪೂರ್ವಜರ' ಗುರುತು ಇದೆಯೆಂದು ಹೇಳಿತು. ಅಂಥ ಸಮುದಾಯಗಳಲ್ಲಿ 14ರ ಜನಸಂಖ್ಯೆ ಹತ್ತು ಲಕ್ಷ ಮೀರಿದ್ದು. ಇದಕ್ಕೆ ಕಾರಣ ಶತಮಾನಗಳ ಒಳಮದುವೆ. ಪೂರ್ವಜರಲ್ಲೊಬ್ಬರ ಪ್ರತಿಯಲ್ಲಿದ್ದ ಅಪರೂಪದ ಪಾಠಾಂತರ ಇಂದು ಆ ಸಮುದಾಯದಲ್ಲಿ ಸಾಮಾನ್ಯವಾಗಿರಬಹುದು.

ಆರ್ಯವೈಶ್ಯ ಸಮುದಾಯದಲ್ಲಿ ಬ್ಯುಟಿರಿಲ್ ಕೋಲಿನೆಸ್ಟರೇಸ್ ಎಂಬ ಕಿಣ್ವ ಕೆಲಸ ಮಾಡದಂತಹ ಭೇದವೊಂದು ಇತರರಿಗಿಂತ ಬಹಳ ಹೆಚ್ಚು ಕಂಡುಬರುತ್ತದೆ. ಅದನ್ನು ಎರಡೂ ಪ್ರತಿಗಳಲ್ಲಿ ಹೊತ್ತವರು ಇಡೀ ಆಯುಷ್ಯ ಆರೋಗ್ಯವಾಗಿ ಕಳೆಯಬಹುದು. ಆಪರೇಷನ್ನಿನ ಹೊತ್ತಿಗೆ ಅರಿವಳಿಕೆ ತಜ್ಞರು ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಮಾತ್ರ ಆಪತ್ತು. ಸಾಮಾನ್ಯರಲ್ಲಿ ಕೆಲವೇ ನಿಮಿಷಗಳಲ್ಲಿ ಕರಗುವ ಆ ಔಷಧ ಇವರಲ್ಲಿ ಗಂಟೆಗಟ್ಟಲೆ ಉಳಿದು ಉಸಿರಾಟದ ಸ್ನಾಯುಗಳನ್ನೂ ಹಿಡಿದಿಡುತ್ತದೆ. ಆ ಔಷಧ ಬರುವವರೆಗೆ ಈ ಭೇದಕ್ಕೆ ಯಾವ 'ಗುಣ'ವೂ ಇರಲಿಲ್ಲ. ಮೊದಲೇ ತಿಳಿದಿದ್ದರೆ ವೈದ್ಯರು ಬೇರೆ ಔಷಧ ಆರಿಸಿಕೊಳ್ಳುತ್ತಾರೆ. ಅಲ್ಲಿಗೆ ಸಮಸ್ಯೆ ಮುಗಿಯುತ್ತದೆ.

ಮಲೆನಾಡಿನಲ್ಲಿ ಇಷ್ಟು ಸುಲಭವಾಗಿ ಮುಗಿಯದ ಕಥೆಯಿದೆ. 1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟದ ಕೀಲು ಸವೆದು ನಡೆಯಲಾಗದ ಕಾಯಿಲೆ ಬೆಳಕಿಗೆ ಬಂತು. ಪೀಡಿತರು ಬಡ ದಲಿತ ಕೂಲಿಕಾರ ಕುಟುಂಬಗಳವರು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣವಿರಬಹುದೆಂದು ಮೊದಲು ಶಂಕಿಸಿದರು. ವಂಶಾವಳಿಗಳನ್ನು ಬರೆದು ನೋಡಿದಾಗ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಕಾಯಿಲೆ ಕಾಣಿಸಿಕೊಳ್ಳುವ ಪ್ರಬಲ ಮಾದರಿಯ ಆನುವಂಶಿಕತೆ ಹೊರಬಿತ್ತು. ಕಾರಣ ವಂಶದಲ್ಲಿದೆ ಎಂದೊಡನೆ ಪರಿಹಾರವಿಲ್ಲ ಎಂದು ಕೈಚೆಲ್ಲುವುದು ಎರಡನೆಯ ಗಾದೆಯ ದಾರಿ. ಕೂಲಿಗೆ ಬಗ್ಗಿ ದುಡಿಯಲೇಬೇಕಾದವನ ಸವೆದ ಕೀಲಿಗೂ, ಶಸ್ತ್ರಚಿಕಿತ್ಸೆ, ಮಾಸಾಶನ, ಕೂತು ಮಾಡುವ ಕೆಲಸ ಸಿಕ್ಕವನ ಸವೆದ ಕೀಲಿಗೂ ನೋವು ಒಂದೇ ಅಲ್ಲ. ಹಾಸನ್ನು ಬದಲಿಸಲಾಗದ ಕಡೆಯೂ ಹೊಕ್ಕು ನಮ್ಮ ಕೈಯಲ್ಲಿದೆ.

ಸೋದರಿಕೆ ಮದುವೆಯ ಬಗ್ಗೆಯೂ ಎರಡು ಮಾತು. ಬೆಂಗಳೂರಿನಲ್ಲಿ ಎನ್. ಅಪ್ಪಾಜಿ ರಾವ್, ಅಲನ್ ಬಿಟಲ್ಸ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ನಡೆಸಿದ ಅಧ್ಯಯನಗಳಲ್ಲಿ ಮೂರರಲ್ಲಿ ಒಂದರಷ್ಟು ಮದುವೆಗಳು ನಂಟಿನೊಳಗಿನವು. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ, ಅವರ ಮಗುವಿಗೆ ಯಾವುದೇ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರಿಂದ ಬರುವ ಸಂಭವ 8ರಲ್ಲಿ ಒಂದು. ಸೋದರತ್ತೆ ಸೋದರಮಾವನ ಮಕ್ಕಳ ನಡುವೆಯಾದರೆ 16ರಲ್ಲಿ ಒಂದು. ಇದರಿಂದ ಅಡಗಿದ್ದ ಭೇದಗಳು ಜೋಡಿಯಾಗಿ ಹೊರಬರುವ ಸಾಧ್ಯತೆ ಏರುತ್ತದೆ. ಅಂಥ ಮದುವೆಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಹೆದರಿಸುವುದೂ ಬೇಡ, ಮುಚ್ಚಿಡುವುದೂ ಬೇಡ. ಮದುವೆಗೆ ಮೊದಲು ತಳಿತಜ್ಞ ವೈದ್ಯರ ಸಲಹೆ ಪಡೆಯುವುದು ವಿವೇಕ.

7. ಕಾರ್ಡನ್ನು ಓದುವ ಬಗೆ

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಪರೀಕ್ಷೆಯಾದವರ ಕೈಗೆ ಅವರ ಸ್ಥಿತಿ ತಿಳಿಸುವ ಕಾರ್ಡ್ ಬರುತ್ತದೆ. ಜಾತಕ ನೋಡಿ ರೂಢಿಯಾದ ಕಣ್ಣುಗಳು ಈ ಕಾರ್ಡನ್ನೂ ಜಾತಕದಂತೆ ಓದುವ ಅಪಾಯವಿದೆ. 'ವಾಹಕ' ಎಂಬ ಪದ ಕಂಡ ಕೂಡಲೇ ಹುಡುಗಿಯನ್ನು ಬೇಡವೆಂದರೆ ವಿಜ್ಞಾನದ ಹೆಸರಿನಲ್ಲಿ ಹೊಸದೊಂದು ಮಡಿಮೈಲಿಗೆ ಹುಟ್ಟಿದಂತೆ.

ಶುದ್ಧ ಪ್ರತಿ ಯಾರ ಮನೆಯಲ್ಲೂ ಇಲ್ಲ. ಪ್ರತಿಯೊಂದು ಮಗುವೂ ತಂದೆಯಲ್ಲಿಯೂ ತಾಯಿಯಲ್ಲಿಯೂ ಇಲ್ಲದ ಸುಮಾರು 60ರಿಂದ 70 ಹೊಸ ಪಾಠಾಂತರಗಳೊಂದಿಗೆ ಹುಟ್ಟುತ್ತದೆ. ಜೋಡಿಯಾದರೆ ಹಾನಿ ಮಾಡಬಲ್ಲ ಕೆಲವು ಭೇದಗಳನ್ನು ನಾವೆಲ್ಲರೂ ಒಂಟಿಯಾಗಿ ಹೊತ್ತು ತಿರುಗುತ್ತಿದ್ದೇವೆ. ಕೆಲವರದಕ್ಕೆ ಕಾರ್ಡ್ ಬಂದಿದೆ, ಉಳಿದವರದಕ್ಕೆ ಇನ್ನೂ ಬಂದಿಲ್ಲ.

ಆದ್ದರಿಂದ ಇಲ್ಲಿ ಕೂತಿರುವ ಶಿಕ್ಷಕರಲ್ಲಿ, ವೈದ್ಯರಲ್ಲಿ, ಮದುವೆ ಮಾತುಕತೆಗೆ ಕೂರುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಕಾರ್ಡನ್ನು ಓದುವುದಾದರೆ ಇಬ್ಬರದನ್ನೂ ಒಟ್ಟಿಗೆ ಓದಿ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಸಿಕಲ್ ಸೆಲ್ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಅವರಿಗೆ ವೈದ್ಯರ ಸಲಹೆ ಬೇಕು. ಒಬ್ಬರು ಮಾತ್ರ ವಾಹಕರಾಗಿದ್ದು, ಇನ್ನೊಬ್ಬರಿಗೆ ಥಲಸ್ಸೀಮಿಯಾದಂತಹ ಬೇರೆ ಹಿಮೋಗ್ಲೋಬಿನ್ ದೋಷವೂ ಇಲ್ಲದಿದ್ದರೆ, ಅವರ ಮಕ್ಕಳಲ್ಲಿ ಯಾರಿಗೂ ಆ ಕಾಯಿಲೆ ಬರುವುದಿಲ್ಲ.